ಟ್ಯಾಂಪನ್ ಒಳಗಿದೆ ಅಂತ ಗೊತ್ತೇ ಆಗಬಾರದು: ನನ್ನ ಅನುಭವ

ಈಜು ಕಲಿಯಲು ಶುರು ಮಾಡಿದ ಮೇಲೆ ಪ್ಯಾಡ್ ಒಂದನ್ನೇ ನಂಬಿಕೊಂಡರೆ ಆಗುವುದಿಲ್ಲ ಅನ್ನಿಸಿತು. ಪ್ರತಿ ತಿಂಗಳೂ ಮುಟ್ಟಿನ ದಿನಗಳಲ್ಲಿ ನೀರಿಗೆ ಇಳಿಯದೆ ಕೂರಬೇಕು. ಜೊತೆಗೆ ತೊಡೆಸಂದಿಯಲ್ಲಿ ಪ್ಯಾಡ್ ಉಜ್ಜಿ ಉಜ್ಜಿ ಬರುವ ಉರಿ ಬೇರೆ. ಟ್ಯಾಂಪನ್, ಅಂದರೆ ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಟ್ಟುಕೊಳ್ಳುವ, ತುದಿಯಲ್ಲಿ ದಾರವಿರುವ ಸಣ್ಣ ಸುರುಳಿ, ಬಳಸುವ ಗೆಳತಿಯರಿದ್ದರು. ಕೇಳಿದರೆ ಎಲ್ಲರದ್ದೂ ಒಂದೇ ಮಾತು, ‘ಹಾಕ್ಕೊಂಡ್ರೆ ಆಯ್ತು, ಅದರಲ್ಲೇನಿದೆ?’ ಕಲಿತವರಿಗೆ ಏನೂ ಇಲ್ಲ, ನಿಜ. ಕಲಿಯುವವರಿಗೆ ಬೇಕಾದಷ್ಟಿದೆ. ಅದಕ್ಕೇ ನಾಚಿಕೆ ಪಕ್ಕಕ್ಕಿಟ್ಟು ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಕೈಗೆ ತೆಗೆದುಕೊಳ್ಳುವ ಮೊದಲು ತಲೆಯಲ್ಲಿದ್ದ ಭಯ ಕಳೆಯಬೇಕಿತ್ತು. ಒಳಗೆ ಹೋದದ್ದು ಎಲ್ಲೋ ಕಳೆದುಹೋದರೆ? ಹೋಗುವುದಿಲ್ಲ. ಯೋನಿಯ ತುದಿಯಲ್ಲಿ ಗರ್ಭಕೋಶದ ಬಾಯಿ ಇದೆ. ಅದರ ರಂಧ್ರ ಎಷ್ಟು ಸಣ್ಣದೆಂದರೆ ಟ್ಯಾಂಪನ್ ಅದನ್ನು ದಾಟಿ ಹೋಗಲು ಸಾಧ್ಯವೇ ಇಲ್ಲ. ಮೂತ್ರಕ್ಕೆ ಹೋಗುವಾಗಲೆಲ್ಲ ತೆಗೆಯಬೇಕಾ? ಬೇಡ. ಮೂತ್ರದ್ವಾರವೇ ಬೇರೆ, ಯೋನಿಯೇ ಬೇರೆ. ದಾರ ಒದ್ದೆಯಾಗದಂತೆ ಪಕ್ಕಕ್ಕೆ ಹಿಡಿದುಕೊಂಡರೆ ಸಾಕು.

ಇನ್ನು ಕನ್ಯಾಪೊರೆಯ ವಿಷಯ. ಅದು ದಾರಿಗೆ ಅಡ್ಡ ಕಟ್ಟಿದ ಪರದೆಯೇನಲ್ಲ. ಯೋನಿಯ ಬಾಯಿಯ ಅಂಚಿನಲ್ಲಿರುವ ಮೃದುವಾದ, ಹಿಗ್ಗುವ ಚರ್ಮದ ಮಡಿಕೆ. ನಡುವೆ ರಂಧ್ರ ಇರುವುದರಿಂದಲೇ ಅಲ್ವಾ ಮುಟ್ಟಿನ ರಕ್ತ ಹೊರಗೆ ಬರುವುದು? ಒಬ್ಬೊಬ್ಬರಲ್ಲಿ ಅದರ ಆಕಾರ ಒಂದೊಂದು ಥರ. ಅದನ್ನು ನೋಡಿ ಯಾರಿಗೆ ಲೈಂಗಿಕ ಸಂಪರ್ಕ ಆಗಿದೆ, ಯಾರಿಗೆ ಆಗಿಲ್ಲ ಅಂತ ಹೇಳಲಾಗದು, ಅಂಥ ಕನ್ಯತ್ವ ಪರೀಕ್ಷೆಗಳನ್ನು ನಿಲ್ಲಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿದೆ. ನನಗೆ ಅಷ್ಟು ಸಾಕಾಯಿತು.

ಕೊಳ್ಳುವಾಗ ಒಂದೇ ನಿಯಮ ಇಟ್ಟುಕೊಂಡೆ: ಇರುವುದರಲ್ಲೇ ಸಣ್ಣದು. ಪ್ಯಾಕಿನ ಮೇಲೆ ಲೈಟ್, ರೆಗ್ಯುಲರ್, ಸೂಪರ್ ಅಂತ ಇರುತ್ತದೆ. ಕೆಲವು ಕಡೆ ಹನಿಗಳ ಚಿತ್ರ ಇರುತ್ತದೆ. ಇದು ದೇಹದ ಅಳತೆ ಅಲ್ಲ, ಟ್ಯಾಂಪನ್ ಎಷ್ಟು ಹೀರುತ್ತದೆ ಅನ್ನುವ ಲೆಕ್ಕ. ಅಮೆರಿಕದ ನಿಯಮದಲ್ಲಿ ಲೈಟ್ ಅಂದರೆ 6 ಗ್ರಾಂವರೆಗೆ, ರೆಗ್ಯುಲರ್ 6ರಿಂದ 9, ಸೂಪರ್ 9ರಿಂದ 12 ಗ್ರಾಂ. ಜಾಸ್ತಿ ಹೀರುವುದು ದಪ್ಪವಾಗಿಯೂ ಇರುತ್ತದೆ, ಆದ್ದರಿಂದ ಕಲಿಯುವಾಗ ಲೈಟ್ ಆದರೇ ಸುಲಭ. ಸುಗಂಧ ಹಾಕಿದ್ದನ್ನು ಮುಟ್ಟಲೇ ಇಲ್ಲ. ಆ ಜಾಗಕ್ಕೆ ಪರಿಮಳ ಬೇಕಿಲ್ಲ, ಉರಿ ಬರುವುದಷ್ಟೇ ಲಾಭ.

ಅಪ್ಲಿಕೇಟರ್ ಇರುವುದು, ಇಲ್ಲದ್ದು ಅಂತ ಎರಡು ಬಗೆ. ಅಪ್ಲಿಕೇಟರ್ ಅಂದರೆ ಒಂದರೊಳಗೊಂದು ಜಾರುವ ಎರಡು ಕೊಳವೆ. ದೊಡ್ಡದರಲ್ಲಿ ಟ್ಯಾಂಪನ್ ಕೂತಿರುತ್ತದೆ, ಸಣ್ಣದು ಅದನ್ನು ಹಿಂದಿನಿಂದ ತಳ್ಳುತ್ತದೆ. ಅರ್ಲ್ ಹಾಸ್ ಎಂಬ ಅಮೆರಿಕದ ವೈದ್ಯರು 1933ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಬೆರಳಿನಿಂದಲೇ ಹಾಕಿಕೊಳ್ಳುವ ಬಗೆಯನ್ನು ಮುಂದೆ ರೂಪಿಸಿದವರು ಜರ್ಮನಿಯ ಸ್ತ್ರೀರೋಗ ತಜ್ಞೆ ಯೂಡಿತ್ ಎಸ್ಸರ್. ನಾನು ಅಪ್ಲಿಕೇಟರಿನಲ್ಲಿ ಕಲಿತು ಆಮೇಲೆ ಬೆರಳಿಗೆ ಬಂದೆ. ಈಗ ಬೆರಳೇ ಇಷ್ಟ. ಎಲ್ಲಿ ಹೋಗಿ ಕೂತಿತು ಅಂತ ಬೆರಳಿಗೆ ನೇರವಾಗಿ ಗೊತ್ತಾಗುತ್ತದೆ, ಪ್ಲಾಸ್ಟಿಕ್ಕಿಗೆ ಗೊತ್ತಾಗುವುದಿಲ್ಲ.

ಯಾವ ದಿನ ಕಲಿಯಬೇಕು ಅನ್ನುವುದೂ ಮುಖ್ಯ. ಬ್ಲೀಡಿಂಗ್ ಚೆನ್ನಾಗಿರುವ ದಿನ ಮಾಡಿ. ಆಗ ಒಳಗೆ ತೇವ ಇರುತ್ತದೆ, ಟ್ಯಾಂಪನ್ ಜಾರುತ್ತದೆ. ಮುಟ್ಟಿಲ್ಲದ ದಿನ ಸುಮ್ನೆ ಅಭ್ಯಾಸ ಅಂತ ಒಣ ಟ್ಯಾಂಪನ್ ತಳ್ಳಿದರೆ ಕೆರೆದು ನೋವಾಗುತ್ತದೆ. ನಾನು ಶಾಲೆ, ಕೆಲಸ ಯಾವುದರ ಅವಸರವೂ ಇಲ್ಲದ ಒಂದು ರಜೆಯ ಮಧ್ಯಾಹ್ನ ಬಾಗಿಲು ಹಾಕಿಕೊಂಡೆ. ಮೊದಲು ಸೋಪು ಹಾಕಿ ಕೈ ತೊಳೆದೆ. ಒಂದು ಟ್ಯಾಂಪನ್ನನ್ನು ಬಿಚ್ಚಿ, ದಾರ ಜಗ್ಗಿ ನೋಡಿ, ಲೋಟದ ನೀರಿಗೆ ಹಾಕಿದೆ. ಹೇಗೆ ಉಬ್ಬುತ್ತದೆ ಅಂತ ಕಣ್ಣಾರೆ ನೋಡಿದ ಮೇಲೆ ಅದರ ಬಗ್ಗೆ ಇದ್ದ ಅರ್ಧ ಗುಮಾನಿ ಹೋಯಿತು. ಆಮೇಲೆ ಕೈಕನ್ನಡಿ ಹಿಡಿದು ಯಾವುದು ಎಲ್ಲಿದೆ ಅಂತ ನೋಡಿಕೊಂಡೆ. ಇದನ್ನು ಬಿಡಬೇಡಿ. ನಮ್ಮದೇ ದೇಹ, ನಾವು ನೋಡದೆ ಇನ್ಯಾರು ನೋಡಬೇಕು?

ಕೂರುವ ರೀತಿ ನಿಮ್ಮ ಅನುಕೂಲ. ಕೆಲವರು ಒಂದು ಕಾಲನ್ನು ಸ್ಟೂಲಿನ ಮೇಲಿಟ್ಟು ನಿಲ್ಲುತ್ತಾರೆ. ಕೆಲವರು ಮಂಡಿ ಅಗಲಿಸಿ ಕಮೋಡಿನ ಮೇಲೆ ಕೂರುತ್ತಾರೆ. ನನಗೆ ಕುಕ್ಕರಗಾಲಲ್ಲಿ ಕೂತರೇ ಸರಿ.

ಈಗ ಕೋನದ ವಿಷಯ. ಇಡೀ ಕಲಿಕೆ ಇರುವುದೇ ಇಲ್ಲಿ. ಯೋನಿ ನೇರವಾಗಿ ಮೇಲಕ್ಕೆ ಹೋಗುವುದಿಲ್ಲ, ಬೆನ್ನಿನ ಕೆಳಭಾಗದ ಕಡೆಗೆ ಓರೆಯಾಗಿ ಹೋಗುತ್ತದೆ. ನೇರ ಮೇಲಕ್ಕೆ ತಳ್ಳಿದರೆ ಟ್ಯಾಂಪನ್ ಮುಂದಿನ ಗೋಡೆಗೆ ಒತ್ತುತ್ತದೆ. ‘ಇನ್ನು ಮುಂದೆ ದಾರಿಯೇ ಇಲ್ಲ’ ಅನ್ನಿಸುವುದು ಇದರಿಂದಲೇ. ಸೊಂಟದ ಹಿಂಭಾಗಕ್ಕೆ ಗುರಿ ಇಟ್ಟು ತಳ್ಳಿ. ಒಂದು ಕೈಯಿಂದ ಹೊರತುಟಿಗಳನ್ನು ಬಿಡಿಸಿ ಹಿಡಿಯಿರಿ. ಇನ್ನೊಂದು ಕೈಯ ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ಅಪ್ಲಿಕೇಟರನ್ನು ಎರಡು ಕೊಳವೆ ಸೇರುವ ಜಾಗದಲ್ಲಿ ಹಿಡಿಯಿರಿ, ದಾರ ಕೆಳಗೆ ನೇತಾಡುತ್ತಿರಲಿ. ಉಸಿರು ಉದ್ದಕ್ಕೆ ಹೊರಗೆ ಬಿಡುತ್ತಾ ಮೆಲ್ಲಗೆ ಒಳಗೆ ಸರಿಸಿ, ಬೆರಳುಗಳು ಚರ್ಮಕ್ಕೆ ತಾಗುವವರೆಗೆ. ಆಮೇಲೆ ತೋರುಬೆರಳಿನಿಂದ ಸಣ್ಣ ಕೊಳವೆಯನ್ನು ಪೂರ್ತಿ ಒತ್ತಿ. ಎರಡೂ ಕೊಳವೆಗಳನ್ನು ಒಟ್ಟಿಗೆ ಹೊರಗೆ ತೆಗೆಯಿರಿ. ದಾರ ಹೊರಗಿರಬೇಕು.

ಉಸಿರು ಬಿಡಿ ಅಂದದ್ದು ಸುಮ್ನೆ ಅಲ್ಲ. ಯೋನಿಯ ಬಾಯಿಯಿಂದ ಸ್ವಲ್ಪ ಒಳಗೆ, ಸುತ್ತ ಸ್ನಾಯುಗಳಿವೆ. ಹೆದರಿದರೆ ಅವು ನಮ್ಮನ್ನು ಕೇಳದೆ ಬಿಗಿಯುತ್ತವೆ. ಬಿಗಿದ ಮೇಲೆ ತಳ್ಳಿದರೆ ನೋವು, ನೋವಾದರೆ ಇನ್ನಷ್ಟು ಬಿಗಿ. ನನಗೂ ಮೊದಲ ದಿನ ಹೀಗೇ ಆಯಿತು. ಅಲ್ಲಿಗೇ ನಿಲ್ಲಿಸಿ, ಪ್ಯಾಡ್ ಹಾಕಿಕೊಂಡು ಎದ್ದು ಬಂದೆ. ಹಟ ಹಿಡಿದು ತಳ್ಳಿ ಗೆಲ್ಲುವ ವಿಷಯ ಇದಲ್ಲ. ಮಾರನೆಯ ದಿನ ಟ್ಯಾಂಪನ್ ತುದಿಗೆ ವಾಟರ್-ಬೇಸ್ಡ್ (ಎಣ್ಣೆಯದ್ದಲ್ಲ, ನೀರಿನ ಆಧಾರದ) ಲೂಬ್ರಿಕೆಂಟ್ ಜೆಲ್ ಒಂದು ಹನಿ ಸವರಿ ಕೂತೆ. ಆಗ ಹೋಯಿತು.

ಹೋಯಿತು, ಆದರೆ ಎದ್ದು ನಡೆದರೆ ಚುಚ್ಚಿದ ಹಾಗೆ. ಏನೋ ಸಿಕ್ಕಿಕೊಂಡಿದೆ ಅನ್ನುವ ಭಾವನೆ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ಕಾರಣ ಸರಳ. ಯೋನಿಯ ಹೊರಗಿನ ಮೂರನೇ ಒಂದು ಭಾಗಕ್ಕೆ ಸ್ಪರ್ಶ ಚೆನ್ನಾಗಿ ತಿಳಿಯುತ್ತದೆ, ಆ ಸ್ನಾಯುಗಳಿರುವುದೂ ಅಲ್ಲೇ. ಅದನ್ನು ದಾಟಿದರೆ ಒಳಭಾಗಕ್ಕೆ ಅಷ್ಟಾಗಿ ಏನೂ ತಿಳಿಯುವುದಿಲ್ಲ. ಟ್ಯಾಂಪನ್ ಅರ್ಧದಲ್ಲೇ ನಿಂತಿದ್ದರೆ ಕೂತಾಗ, ನಡೆದಾಗ ಒತ್ತುತ್ತದೆ. ತೊಳೆದ ಬೆರಳಿನಿಂದ ಇನ್ನಷ್ಟು ಒಳಗೆ ಸರಿಸಿ ಎದ್ದೆ. ಎರಡು ಹೆಜ್ಜೆ ನಡೆದೆ. ಏನೂ ಇಲ್ಲ! ಹೊರಬಿದ್ದಿದೆಯೇನೋ ಅಂತ ಮತ್ತೆ ಕೂತು ದಾರ ಮುಟ್ಟಿ ನೋಡಿಕೊಂಡೆ. ಒಳಗೆ ಸರಿಯಾಗಿ ಕೂತ ಟ್ಯಾಂಪನ್ ಗೊತ್ತೇ ಆಗುವುದಿಲ್ಲ. ಗೊತ್ತಾಗುತ್ತಿದೆ ಅಂದರೆ ಇನ್ನಷ್ಟು ಒಳಗೆ ಸರಿಸಿ, ಆಗದಿದ್ದರೆ ತೆಗೆದು ಹೊಸದು ಹಾಕಿ. ಸಹಿಸಿಕೊಂಡು ಓಡಾಡಬೇಡಿ.

ತೆಗೆಯುವುದು ಸುಲಭ. ಕೂತು, ಉಸಿರು ಬಿಡುತ್ತಾ, ದಾರವನ್ನು ಹಾಕಿದ ಓರೆಯಲ್ಲೇ ಕೆಳಗೆ ಮತ್ತು ಮುಂದಕ್ಕೆ ಎಳೆಯಿರಿ. ತುಂಬಿದ್ದರೆ ಜಾರಿ ಬರುತ್ತದೆ. ಬಿಳಿಯಾಗಿ ಒಣಗಿದ್ದು ಎಳೆದು ಎಳೆದು ಬಂದರೆ ಆ ದಿನದ ಬ್ಲೀಡಿಂಗಿಗೆ ಅದು ದೊಡ್ಡದಾಯಿತು ಅಂತ ಅರ್ಥ. ಇನ್ನೂ ಸಣ್ಣದಕ್ಕೆ ಇಳಿಯಿರಿ, ಇಲ್ಲವೇ ಪ್ಯಾಡಿಗೆ ಬನ್ನಿ. ದಾರ ಒಳಗೆ ಸೇರಿಕೊಂಡರೆ ಕುಕ್ಕರಗಾಲಲ್ಲಿ ಕೂತು ಸ್ವಲ್ಪ ಮುಕ್ಕಿ, ಎರಡು ಬೆರಳು ಹಾಕಿದರೆ ಸಿಗುತ್ತದೆ. ಸಿಗದಿದ್ದರೆ ಡಾಕ್ಟರ ಹತ್ತಿರ ಅದೇ ದಿನ ಹೋಗಬೇಕು. ಅವರಿಗೆ ಇದು ಕ್ಷಣದ ಕೆಲಸ. ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹಾಕಿ. ಕಮೋಡಿಗೆ ಹಾಕಿ ಫ್ಲಷ್ ಮಾಡಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

ನಾನು ಕಟ್ಟುನಿಟ್ಟಾಗಿರುವುದು ಗಡಿಯಾರದ ವಿಷಯದಲ್ಲಿ. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಿಸಬೇಕು, ಎಂಟರ ಮೇಲೆ ಒಂದು ನಿಮಿಷವೂ ಬೇಡ. ಹಾಕಿದ ಕೂಡಲೇ ಫೋನಿನಲ್ಲಿ ಅಲಾರಂ ಇಡುತ್ತೇನೆ. ಕಾರಣ ಟಾಕ್ಸಿಕ್ ಶಾಕ್ ಸಿಂಡ್ರೋಮ್. ಸ್ಟ್ಯಾಫಿಲೋಕಾಕಸ್ ಔರಿಯಸ್ ಎಂಬ ಬ್ಯಾಕ್ಟೀರಿಯಾ ಉಗುಳುವ ವಿಷ ರಕ್ತಕ್ಕೆ ಸೇರಿದರೆ ಬರುವ ಕಾಯಿಲೆ ಇದು. ತುಂಬಾ ಅಪರೂಪ, ಆದರೆ ಬಂದರೆ ಜೀವಕ್ಕೇ ಅಪಾಯ. 1980ರಲ್ಲಿ ಅಮೆರಿಕದಲ್ಲಿ ಇದು ದೊಡ್ಡ ಸುದ್ದಿಯಾಯಿತು. ವಿಪರೀತ ಹೀರುವ ಒಂದು ಬ್ರ್ಯಾಂಡನ್ನು ಆ ವರ್ಷವೇ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ಜಾಸ್ತಿ ಹೀರುವುದನ್ನು ಹಾಕಿಕೊಂಡು ದಿನವಿಡೀ ನಿಶ್ಚಿಂತೆಯಿಂದ ಇರೋಣ ಅನ್ನುವ ಯೋಚನೆ ಕೆಟ್ಟದ್ದು ಅಂತ ನಾನು ಹೇಳುವುದು ಅದಕ್ಕೇ. ಟ್ಯಾಂಪನ್ ಒಳಗಿರುವಾಗಲೋ, ತೆಗೆದ ಒಂದೆರಡು ದಿನಕ್ಕೋ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಚರ್ಮ ಕಂಡರೆ ಕಾಯಬೇಡಿ. ಒಳಗಿದ್ದರೆ ತೆಗೆದು, ಆಸ್ಪತ್ರೆಗೆ ಓಡಿ, ಟ್ಯಾಂಪನ್ ಬಳಸುತ್ತಿದ್ದೆ ಅಂತ ಮೊದಲೇ ಹೇಳಿ.

ರಾತ್ರಿ ನನ್ನದು ಪ್ಯಾಡೇ. ಎಂಟು ಗಂಟೆಗಿಂತ ಹೆಚ್ಚು ಹೊತ್ತು ನಿದ್ದೆ ಮಾಡುವವಳು ನಾನು, ಅಲಾರಂ ಆರಿಸಿ ಮತ್ತೆ ಮಲಗುವವಳೂ ಹೌದು. ಈಜುವ ದಿನ ನೀರಿಗಿಳಿಯುವ ಸ್ವಲ್ಪ ಮುಂಚೆ ಹೊಸದು ಹಾಕುತ್ತೇನೆ, ದಾರವನ್ನು ಈಜುಡುಗೆಯೊಳಗೆ ಸೇರಿಸುತ್ತೇನೆ, ಮೇಲೆ ಬಂದ ಕೂಡಲೇ ಬದಲಿಸುತ್ತೇನೆ. ಹೊಸದು ಹಾಕುವ ಮೊದಲು ಹಳೆಯದು ತೆಗೆದೆನೇ ಅಂತ ನೋಡಿಕೊಳ್ಳುತ್ತೇನೆ. ಮುಟ್ಟು ಮುಗಿಯುವ ಹೊತ್ತಿಗೆ ಒಂದು ಒಳಗೇ ಉಳಿದುಹೋಗುವುದು ಅಪರೂಪವೇನಲ್ಲ. ಕೆಟ್ಟ ವಾಸನೆಯ ಕಂದು ಸ್ರಾವ ಶುರುವಾದರೆ ಮೊದಲು ಅನುಮಾನಿಸಬೇಕಾದದ್ದು ಅದನ್ನೇ. ಬರೀ ಬಿಳಿಸ್ರಾವಕ್ಕೆ ಟ್ಯಾಂಪನ್ ಬೇಡ. ಹೆರಿಗೆಯಾದವರು ಮೊದಲ ಆರು ವಾರ ಬಳಸಬಾರದು.

ಸಣ್ಣದು, ಜೆಲ್, ಕೋನ, ಉಸಿರು ಎಲ್ಲ ಮಾಡಿಯೂ ಕೆಲವರಿಗೆ ಒಳಗೆ ಹೋಗುವುದೇ ಇಲ್ಲ, ಅಥವಾ ಹೋದದ್ದು ಹೊರಬರಲು ಒದ್ದಾಡಿಸುತ್ತದೆ. ಕನ್ಯಾಪೊರೆಯ ನಡುವೆ ಅಡ್ಡ ಎಳೆ ಇರಬಹುದು, ಅದಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಸಾಕು. ಸ್ನಾಯುಗಳು ತಾವಾಗಿಯೇ ಬಿಗಿಯುವ ವಜೈನಿಸ್ಮಸ್ ಇರಬಹುದು, ಅದಕ್ಕೂ ವ್ಯಾಯಾಮ, ಚಿಕಿತ್ಸೆ ಇದೆ. ಒಮ್ಮೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಪ್ಯಾಡೇ ಆರಾಮ ಅನ್ನಿಸಿದರೆ ಪ್ಯಾಡೇ ಹಾಕಿ.