ಕೊಟ್ಟಿಗೆಯ ಹಿಂದೆ ಒಂದು ಮೊರ ಬೂದಿ

ಬೇಸಿಗೆ ರಜೆಗೆ ಬಂದ ಮೊಮ್ಮಗಳು ಮೊದಲ ದಿನವೇ ಮುಖ ಊದಿಸಿಕೊಂಡು ಕೂತಿದ್ದಳು. “ಅಜ್ಜಿ, ಇಲ್ಲಿ ಕಾಗೆ, ಬೆಳ್ಳಕ್ಕಿ ಬಿಟ್ಟರೆ ಏನೂ ಇಲ್ಲ” ಎಂದಳು. ಮಂಡ್ಯ ಜಿಲ್ಲೆಯ ಪಾಂಡವಪುರದ ಕಡೆ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬದಿಯ ಊರು ನಮ್ಮದು. ಮನೆಯ ಹಿಂದೆ ಕಬ್ಬು, ಮುಂದೆ ಗದ್ದೆ. ಇಂಥ ಕಡೆ ಏನೂ ಇಲ್ಲವೆಂದರೆ ನೋಡುವವರು ತಡವಾಗಿ ಎದ್ದಿದ್ದಾರೆ ಎಂದರ್ಥ. ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ರಾತ್ರಿ ಮಲಗುವ ಮುನ್ನ ಒಲೆಯ ಬೂದಿಯನ್ನು ಜರಡಿ ಹಿಡಿದು, ಕೊಟ್ಟಿಗೆಯ ಹಿಂದಿನ ಸಂದಿಯಲ್ಲಿ ಒಂದು ಮೊರದಷ್ಟನ್ನು ತೆಳ್ಳಗೆ ಉದುರಿಸಿ. ಹಿಂದಿನ ದಿನದ ಬೂದಿಯೇ ಆಗಬೇಕು. ಕೆಂಡ ಉಳಿದಿದ್ದರೆ ಹುಲ್ಲಿನ ಮೆದೆಯ ಗತಿ ಏನು? ಗ್ಯಾಸ್ ಒಲೆಯವರು ನುಣ್ಣನೆಯ ಮಣ್ಣನ್ನು ಜರಡಿ ಹಿಡಿದು ಹಾಕಬಹುದು. ಬೆಳಿಗ್ಗೆ ಕೋಳಿ ಬಿಡುವ ಮೊದಲು ಹೋಗಿ ನೋಡಿ. ಎಳೆಬಿಸಿಲು ಓರೆಯಾಗಿ ಬೀಳುವಾಗ ಗುರುತುಗಳೆಲ್ಲ ಎದ್ದು ಕಾಣುತ್ತವೆ. ಇಲಿ ಓಡಿದ್ದರೆ ಹೊಲಿಗೆ ಹಾಕಿದ ಹಾಗೆ ಇರುತ್ತದೆ, ಹಾವು ಹರಿದಿದ್ದರೆ ಬೆರಳಲ್ಲಿ ಎಳೆದ ಗೆರೆಯ ಹಾಗೆ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರಿನ ಚುಕ್ಕೆ ಮೂಡುತ್ತದೆ. ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ಅದರ ಹೆಜ್ಜೆಯಲ್ಲಿ ಚುಕ್ಕೆ ಇರುವುದಿಲ್ಲ. ಪುನುಗು ಬೆಕ್ಕು ಹೆಸರಿಗೆ ಮಾತ್ರ ಬೆಕ್ಕು. ಅದಕ್ಕೆ ಐದು ಬೆರಳು. ಅಟ್ಟದ ಮೇಲೆ ರಾತ್ರಿ ದಡಬಡ ಸದ್ದಾಗಿ, ಬೆಳಿಗ್ಗೆ ಗೋಡೆಯ ಮೇಲೆ ಹಣ್ಣಿನ ಬೀಜ ತುಂಬಿದ ಹಿಕ್ಕೆ ಕಂಡರೆ ಅದರದೇ ಕೆಲಸ, ದೆವ್ವದ್ದಲ್ಲ.

ಮೂರನೆಯ ಬೆಳಿಗ್ಗೆ ಮೊಮ್ಮಗಳೇ ನನ್ನನ್ನು ಕೂಗಿ ಕರೆದಳು. ಬೂದಿಯ ಮೇಲೆ ನನ್ನ ಅಂಗೈ ಅಗಲದ ದುಂಡನೆಯ ಒಂದು ಹೆಜ್ಜೆ. ನಾಲ್ಕು ಬೆರಳು, ಉಗುರಿಲ್ಲ. ಬಾಯಿ ಒಣಗಿದ್ದು ನನಗೆ, ಅವಳಿಗಲ್ಲ.

ಕಬ್ಬಿನ ಸೀಮೆಗೆ ಚಿರತೆ ಹೊಸದೇನಲ್ಲ. ಆಳೆತ್ತರದ ಕಬ್ಬು ಅದಕ್ಕೆ ಕಾಡೇ, ಊರಿನ ನಾಯಿಗಳು ಅದಕ್ಕೆ ಊಟ. ಅಂದಿನಿಂದ ನಾಯಿಯನ್ನು ಹೊರಗೆ ಕಟ್ಟಿ ಮಲಗುವುದನ್ನು ಬಿಟ್ಟೆವು. ಸರಪಳಿ ಹಾಕಿದ ನಾಯಿ ಎಂದರೆ ಎಲೆ ಹಾಕಿ ಬಡಿಸಿಟ್ಟ ಹಾಗೆ. ಕರುವನ್ನು ಬಾಗಿಲಿರುವ ಕೋಣೆಗೆ ಸೇರಿಸಿದೆವು, ಬೇಲಿಯ ಲಂಟಾನ ಸವರಿಸಿದೆವು, ಅರಣ್ಯ ಇಲಾಖೆಯವರಿಗೂ ತಿಳಿಸಿದೆವು. ಕಬ್ಬು ಕಡಿಯುವಾಗ ಮರಿಗಳು ಸಿಕ್ಕಿದರೆ ಎತ್ತಿಕೊಳ್ಳಬೇಡಿ, ಫೋಟೊ ತೆಗೆಯಲು ಗುಂಪು ಕಟ್ಟಬೇಡಿ. ಕೆಲಸ ನಿಲ್ಲಿಸಿ, ಇಲಾಖೆಗೆ ಹೇಳಿ, ಆ ಜಾಗ ಬಿಟ್ಟು ಬನ್ನಿ. ಮರಿ ಇದ್ದಲ್ಲೇ ಇದ್ದರೆ ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಕಚ್ಚಿಕೊಂಡು ಹೋಗುತ್ತದೆ.

ಹಾವಿನ ವಿಷಯಕ್ಕೆ ಬಂದರೆ, ನಾನು ಹೆಚ್ಚು ಜಗಳವಾಡಿರುವುದು ಕೆರೆಹಾವಿನ ಪರವಾಗಿ. ಹಸುವಿನ ಹಿಂಗಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಎಂದು ನಮ್ಮತ್ತೆ ಕೊನೆಯವರೆಗೂ ನಂಬಿದ್ದರು. ಹಾವಿಗೆ ಚೀಪಲು ಬರುವುದಿಲ್ಲ. ಅದು ಕೊಟ್ಟಿಗೆಗೆ ಬರುವುದು ಇಲಿಗಾಗಿ. ಅದಕ್ಕೆ ವಿಷವೂ ಇಲ್ಲ, ಹೆಡೆಯೂ ಇಲ್ಲ. ಹೆದರಬೇಕಾದದ್ದು ಕೊಳಕುಮಂಡಲಕ್ಕೆ. ದಪ್ಪ ಮೈ, ಬೆನ್ನ ಮೇಲೆ ಸರಪಳಿಯಂಥ ಕಂದು ಮಚ್ಚೆ, ಕೆಣಕಿದರೆ ಕುಕ್ಕರ್ ಆವಿ ಬಿಟ್ಟಂತೆ ಬುಸುಗುಡುತ್ತದೆ. ಸೌದೆ, ಬೆರಣಿ, ಕಬ್ಬಿನ ಸೋಗೆ, ಯಾವುದರ ರಾಶಿಗೂ ಕೋಲಿನಿಂದ ನಾಲ್ಕು ಸಲ ಬಡಿಯದೆ ಕೈ ಹಾಕಬಾರದು. ಸೆಕೆಯೆಂದು ಜಗಲಿಯ ನೆಲದಲ್ಲಿ ಮಲಗುವವರು ಸೊಳ್ಳೆಪರದೆಯನ್ನು ಚಾಪೆಯ ಅಡಿಗೆ ಸಿಕ್ಕಿಸಿಕೊಳ್ಳಿ. ಕಟ್ಟುಹಾವು ಇರುಳಲ್ಲೇ ಓಡಾಡುವಂಥದು, ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಏನೂ ಬೇಡ. ಕೈಕಾಲು ಆಡಿಸದಂತೆ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಹಕ್ಕಿಗಳಿಗೆ ನಾನು ಮಾಡುವುದು ಬಹಳ ಕಡಿಮೆ. ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು, ನಡುವೆ ಒಂದು ಕಲ್ಲು. ದಿನವೂ ತಿಕ್ಕಿ ತೊಳೆದು ನೀರು ಬದಲಿಸಬೇಕು, ಇಲ್ಲವಾದರೆ ಸಾಕುವುದು ಸೊಳ್ಳೆಯನ್ನು. ನವಿಲಿಗೆ ಕಾಳು ಹಾಕಬೇಡಿ. ಅಭ್ಯಾಸವಾದರೆ ಅಂಗಳದಲ್ಲಿ ಮುಗಿಸಿ ಟೊಮೆಟೊ ಸಸಿಗೆ ಹೋಗುತ್ತದೆ, ಅದನ್ನು ಬಾ ಎಂದು ಕರೆದವರೇ ಕವಣೆ ಹಿಡಿಯಬೇಕಾಗುತ್ತದೆ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹೆಂಗಸರು ಪಾತ್ರೆ ತೊಳೆಯುತ್ತಿದ್ದರೂ ಅವು ಕದಲುವುದಿಲ್ಲ. ದಿನಾ ಕಾಣುವ ಮನುಷ್ಯ, ದಿನಾ ಮಾಡುವ ಕೆಲಸ ಅವುಗಳಿಗೆ ರೂಢಿಯಾಗಿರುತ್ತದೆ. ಹಾಗಾಗಿ ಕ್ಯಾಮೆರಾ ಹಿಡಿದು ಹಿಂದೆ ಹಿಂದೆ ಹೋಗಬೇಡಿ. ಜಗಲಿಯ ಒಂದೇ ಮೂಲೆಯಲ್ಲಿ ಒಂದೇ ಹೊತ್ತಿಗೆ ಅವರೆಕಾಯಿ ಸುಲಿಯುತ್ತಾ ಕೂರಿ. ವಾರದಲ್ಲಿ ಮುಂಗುಸಿ ನಿಮ್ಮನ್ನು ಕಂಬವೆಂದುಕೊಂಡು ಅಂಗಳ ದಾಟುತ್ತದೆ.

ಹೋದ ವರ್ಷ ಬಟ್ಟೆ ಹರವುವ ತಂತಿಗೇ ಸೂರಕ್ಕಿ ಗೂಡು ನೇತುಹಾಕಿತು. ಜೇಡರ ಬಲೆ, ತೊಗಟೆ ಚೂರು, ನನ್ನದೇ ಹಳೆಯ ಸೀರೆಯ ಎರಡು ನೂಲು, ಪಕ್ಕದಲ್ಲಿ ಹೆಬ್ಬೆರಳು ತೂರುವಷ್ಟು ಬಾಗಿಲು. ಗೂಡನ್ನು ಬೇರೆಡೆಗೆ ಸರಿಸಿದರೆ ಹಕ್ಕಿ ಬಿಟ್ಟು ಹೋಗುವ ಸಂಭವವೇ ಹೆಚ್ಚು, ಅದಕ್ಕೆ ನಾವೇ ಸರಿದೆವು. ಕಾವು ಹದಿನೈದು ದಿನ, ಮರಿ ಹಾರಲು ಇನ್ನೊಂದು ಹದಿನೈದು ದಿನ. ಅಷ್ಟೂ ದಿನ ಬಟ್ಟೆ ಒಣಗಿದ್ದು ಬೇಲಿಯ ಮೇಲೆ. ಇದನ್ನೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಡೈರಿಗೆ ಹಾಕಿದ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತೇನೆ. ಮೊಮ್ಮಗಳು ಊರಿಗೆ ಹೊರಟ ದಿನ ಆ ಚೌಕದಲ್ಲಿ ತಾನೇ ಬರೆದು ಹೋಗಿದ್ದಾಳೆ: ಬೆಳಿಗ್ಗೆ ಮೂರೂವರೆ ಲೀಟರ್, ಮುಂಗುಸಿ ಎರಡು.