ಅಮ್ಮನ ಅರವತ್ತಕ್ಕೆ ಪಾದೊವದಲ್ಲಿ ಇಳಿದೆವು

ಅಮ್ಮ ಹುಟ್ಟಿದ್ದು 1964ರ ಸೆಪ್ಟೆಂಬರ್ ಕೊನೆಯಲ್ಲಿ, ಪಿತೃಪಕ್ಷದ ನಡುವೆ. ಆ ಹದಿನೈದು ದಿನ ಶ್ರಾದ್ಧದ ಅಡುಗೆ ಬಿಟ್ಟರೆ ಮನೆಯಲ್ಲಿ ಬೇರೆ ಸಿಹಿ ಮಾಡಲು ಅಜ್ಜಿ ಒಪ್ಪುತ್ತಿರಲಿಲ್ಲವಂತೆ. 2024ರಲ್ಲಿ ಅರವತ್ತು ತುಂಬುವ ಹೊತ್ತಿಗೆ ಮತ್ತೆ ಅದೇ ಕ್ರೋಧಿ ಸಂವತ್ಸರ, ಮತ್ತೆ ಪಿತೃಪಕ್ಷ. ಛತ್ರ ಗೊತ್ತುಮಾಡಿ ನೆಂಟರನ್ನು ಕರೆಯುವ ಮಾತೇ ಇರಲಿಲ್ಲ. ಅಪ್ಪ, ಅಮ್ಮ, ನಾನು ಮೂವರೇ ಇಟಲಿಗೆ ಹೋಗುವುದೆಂದು ತೀರ್ಮಾನಿಸಿದೆವು. ರೋಮ್‌ನಲ್ಲಿ ಇಳಿಯುವುದು, ವೆನಿಸ್‌ನಿಂದ ಮರಳುವುದು, ನಡುವೆ ರೈಲು.

ರೋಮ್‌ನಿಂದ ವೆನಿಸ್‌ಗೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆ. ಒಂದೇ ಉಸಿರಿಗೆ ಹೋಗಬಹುದು. ಆದರೆ ಹುಟ್ಟುಹಬ್ಬದ ದಿನ ಈ ಎರಡು ಊರುಗಳ ಜನಜಂಗುಳಿಯಲ್ಲಿ ಕಳೆದುಹೋಗುವುದು ನನಗೆ ಬೇಡವಾಗಿತ್ತು. ವೆನಿಸ್‌ನಲ್ಲಂತೂ ಸೇತುವೆ ಎಂದರೆ ಮೆಟ್ಟಿಲು. ಅಪ್ಪನ ಮಂಡಿಗೆ ಅದು ದಿನಕ್ಕಿಷ್ಟೇ ಎಂದು ಅಳೆದು ಕೊಡಬೇಕಾದ ಔಷಧಿಯಂತೆ. ನಡುವೆ ಒಂದು ಊರಿನಲ್ಲಿ ಎರಡು ರಾತ್ರಿ ತಂಗೋಣ ಎಂದುಕೊಂಡೆ.

ಮೊದಲು ಮನಸ್ಸಿಗೆ ಬಂದದ್ದು ಬೊಲೋನ್ಯ. ನಿಜ ಹೇಳಬೇಕೆಂದರೆ, ಅದು ನನಗಾಗಿ ಆರಿಸಿಕೊಂಡ ಊರು. ಕಿಲೋಮೀಟರುಗಟ್ಟಲೆ ಕಮಾನುಮೊಗಸಾಲೆಗಳು, ಬಿಸಿಲು ಮಳೆ ಎರಡೂ ತಾಗದ ನಡಿಗೆ. ಆದರೆ ಅಲ್ಲಿನ ಊಟದ ಹೆಮ್ಮೆ ಮಾಂಸದ ಸಾರು ಮತ್ತು ಮೊಟ್ಟೆ ಹಾಕಿ ಲಟ್ಟಿಸಿದ ಹಸಿ ಪಾಸ್ತಾ. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಊರಿನ ಗುರುತಾದ ಎರಡು ಗೋಪುರಗಳಲ್ಲಿ ಒಂದು ವಾಲುತ್ತಿದೆಯೆಂದು 2023ರ ಅಕ್ಟೋಬರ್‌ನಿಂದ ಸುತ್ತ ಬೇಲಿ ಬೇರೆ ಹಾಕಿದ್ದರು. ವೆರೋನ ಚೆಂದವೇ, ಆದರೆ ನಮ್ಮ ಹಳಿಯ ಮೇಲಿಲ್ಲ. ರವೆನ್ನಕ್ಕೆ ರೈಲು ಬದಲಿಸಬೇಕು. ಓರ್ವಿಯೆತೊ ಗುಡ್ಡದ ಮೇಲಿದೆ, ನಾವು ನೋಡಿದ್ದ ವೇಗದ ರೈಲು ಅಲ್ಲಿ ನಿಲ್ಲುತ್ತಿರಲಿಲ್ಲ. ಮೂರು ಸೂಟ್‌ಕೇಸ್, ಒಂದು ಮಂಡಿನೋವು ಇರುವ ಮನೆಯವರಿಗೆ ರೈಲು ಬದಲಿಸುವುದೆಂದರೆ ಅರ್ಧ ದಿನದ ನೆಮ್ಮದಿ ಹೋದಂತೆ.

ಉಳಿದದ್ದು ಪಾದೊವ. ವೆನಿಸ್‌ಗೆ ಅರ್ಧ ಗಂಟೆ ಮೊದಲು ಸಿಗುವ ಊರು. ರೈಲು ಅಲ್ಲಿ ನಿಂತಾಗ ಇಳಿಯುವವರಿಗಿಂತ ಕುಳಿತೇ ಇರುವ ಪ್ರವಾಸಿಗರೇ ಹೆಚ್ಚು. ನಾನೂ ಹಾಗೆಯೇ ಕುಳಿತಿರುತ್ತಿದ್ದೆನೋ ಏನೋ. ಆದರೆ ನಕ್ಷೆ ನೋಡುವಾಗ ಒಂದು ಹಸಿರು ವೃತ್ತ ಕಣ್ಣಿಗೆ ಬಿತ್ತು: 1545ರಲ್ಲಿ ವಿಶ್ವವಿದ್ಯಾಲಯಕ್ಕಾಗಿ ನೆಟ್ಟ ಸಸ್ಯೋದ್ಯಾನ. ಅಂದಿನಿಂದ ಅದೇ ಜಾಗದಲ್ಲಿ ಉಳಿದಿರುವ ಇಂಥ ತೋಟಗಳಲ್ಲಿ ಜಗತ್ತಿನಲ್ಲೇ ಹಳೆಯದು. ಅಮ್ಮ ಮೂವತ್ತು ವರ್ಷ ಚಿಕ್ಕಮಗಳೂರಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದವಳು. ಹುಡುಕಾಟ ಅಲ್ಲಿಗೆ ನಿಂತಿತು.

ಅಲ್ಲಿಗೆ ನಿಂತದ್ದೇ ತಪ್ಪಾಯಿತು. ಹುಟ್ಟುಹಬ್ಬ ಸೋಮವಾರ ಬಿದ್ದಿತ್ತು. ಭಾನುವಾರ ಸಂಜೆ ಪಾದೊವ ತಲುಪಿ ಸೋಮವಾರ ತೋಟಕ್ಕೆ ಹೋಗುವುದು ಎಂದು ಲೆಕ್ಕ ಹಾಕಿ, ಎಲ್ಲಕ್ಕಿಂತ ಅಗ್ಗದ ದರ್ಜೆಯ ಟಿಕೆಟ್ ಮೂರು ಕೊಂಡುಬಿಟ್ಟೆ. ಆಮೇಲೆ ನೋಡಿದರೆ ಸೋಮವಾರ ತೋಟಕ್ಕೆ ರಜೆ! ವೇಗದ ರೈಲಿನ ಟಿಕೆಟ್ ಗೊತ್ತಾದ ರೈಲು, ಗೊತ್ತಾದ ಆಸನಕ್ಕೆ ಮಾತ್ರ. ನಡುವೆ ಇಳಿದು ಎರಡು ದಿನ ಬಿಟ್ಟು ಅದರಲ್ಲೇ ಮುಂದುವರಿಯಲು ಬಿಡುವುದಿಲ್ಲ. ಅಗ್ಗದ ದರ್ಜೆಯಲ್ಲಿ ಹಣವೂ ವಾಪಸ್ ಬರುವುದಿಲ್ಲ. ಮೂರೂ ಟಿಕೆಟ್ ನೀರಿಗೆ ಹೋಯಿತು. ಶನಿವಾರಕ್ಕೆ ಹೊಸ ಟಿಕೆಟ್ ಕೊಂಡು, ರೋಮ್‌ನ ಒಂದು ರಾತ್ರಿ ಬಿಟ್ಟೆ. ಬಾಗಿಲು ತೆರೆಯುವ ದಿನ ನೋಡಿ ಆಮೇಲೆ ಟಿಕೆಟ್ ಕೊಳ್ಳಬೇಕು ಎಂಬುದನ್ನು ಈಗ ಯಾರು ಕೇಳದಿದ್ದರೂ ಹೇಳುತ್ತೇನೆ.

"ಹುಟ್ಟುಹಬ್ಬ ಒಂದು ದಿನ ಮೊದಲೇ ಆದರೆ ಬೇಜಾರೇನಮ್ಮ?" ಎಂದು ಅಳುಕುತ್ತಲೇ ಕೇಳಿದೆ.

"ಪಂಚಾಂಗದ ಪ್ರಕಾರ ಅದು ಶುಕ್ರವಾರವೇ ಮುಗಿದಿರುತ್ತದೆ. ನೀನು ಯಾವ ದಿನ ಇಟ್ಟುಕೊಂಡರೂ ನನಗೆ ಒಂದೇ" ಎಂದಳು.

ಪಾದೊವ ಸಪಾಟು ಊರು. ನಿಲ್ದಾಣದ ಎದುರಿನಿಂದಲೇ ಟ್ರಾಮ್ ಸಿಗುತ್ತದೆ. ರಬ್ಬರ್ ಚಕ್ರದ ಮೇಲೆ ಓಡುವ ಅದಕ್ಕೆ ದಾರಿ ತೋರಿಸಲು ನಡುವೆ ಒಂದೇ ಒಂದು ಹಳಿ; ಅಪ್ಪ ಎರಡು ದಿನವೂ ಅದರ ಬಗ್ಗೆಯೇ ಮಾತನಾಡಿದರು. ಭಾನುವಾರ ಬೆಳಿಗ್ಗೆ ಮೊದಲು ಸ್ಕ್ರೊವೆನ್ಯಿ ಚಾಪೆಲ್. ಇಟಲಿಯ ಚಿತ್ರಕಾರ ಜೊತ್ತೊ 1305ರ ಸುಮಾರಿಗೆ ಚಿತ್ರಿಸಿ ಮುಗಿಸಿದ ಗೋಡೆಗಳು. ಮುಂಚಿತವಾಗಿ ಸಮಯ ಕಾದಿರಿಸಬೇಕು. ಹೊರಗಿನಿಂದ ನಾವು ತರುವ ತೇವ, ಧೂಳು ಚಿತ್ರಗಳಿಗೆ ತಾಗದಂತೆ ಕಾಲು ಗಂಟೆ ಗಾಜಿನ ಕೋಣೆಯಲ್ಲಿ ಕೂರಿಸಿ, ಆಮೇಲೆ ಕಾಲು ಗಂಟೆ ಒಳಗೆ ಬಿಡುತ್ತಾರೆ. ಆ ನೀಲಿ ಚಾವಣಿಗೆ ಕಾಲು ಗಂಟೆ ಸಾಲದು.

ತೋಟದಲ್ಲಿ ಅಮ್ಮ ನಮ್ಮಿಬ್ಬರನ್ನೂ ಮರೆತಳು. ವೃತ್ತಾಕಾರದ ಗೋಡೆಯೊಳಗೆ ಕಲ್ಲಿನ ಅಂಚು ಕಟ್ಟಿದ ಸಣ್ಣ ಸಣ್ಣ ಪಾತಿಗಳು, ಒಂದೊಂದಕ್ಕೂ ಹೆಸರಿನ ಫಲಕ. ಔಷಧಿಯ ಗಿಡಗಳನ್ನು ರಾತ್ರಿ ಕದ್ದೊಯ್ಯುತ್ತಿದ್ದರೆಂದು ಆ ಗೋಡೆ ಕಟ್ಟಿಸಿದರಂತೆ. ಒಂದು ಗಾಜಿನ ಮನೆಯಲ್ಲಿ 1585ರಲ್ಲಿ ನೆಟ್ಟ ಗಿಡ್ಡ ಜಾತಿಯ ತಾಳೆ ಮರ ಇದೆ. 1786ರಲ್ಲಿ ಜರ್ಮನ್ ಕವಿ ಗಯಟೆ ಅದರ ಎಲೆಗಳನ್ನು ನೋಡಿ ಸಸ್ಯಗಳ ರೂಪಾಂತರದ ಬಗ್ಗೆ ಯೋಚಿಸಿದನೆಂದು ಅದಕ್ಕೆ ಅವನದೇ ಹೆಸರು. ಅಮ್ಮ ತಳದ ಎಳೆಯ ಎಲೆಯನ್ನೂ ಮೇಲಿನ ಬೀಸಣಿಗೆ ಎಲೆಯನ್ನೂ ತೋರಿಸಿ, ಎದುರಿಗೆ ಕೊನೆಯ ಬೆಂಚಿನ ಹುಡುಗರಿದ್ದಾರೆ ಎಂಬಂತೆ ಅಪ್ಪನಿಗೆ ಪಾಠ ಮಾಡಿದಳು. ಇದೇ ತೋಟದ ಮುಖ್ಯಸ್ಥನಾಗಿದ್ದ ಪ್ರೊಸ್ಪೆರೊ ಅಲ್ಪಿನಿ ಈಜಿಪ್ಟಿನಲ್ಲಿ ಕಾಫಿ ಗಿಡ ಕಂಡು 1592ರಲ್ಲೇ ಅದರ ಬಗ್ಗೆ ಬರೆದಿದ್ದ ಎಂದು ನಾನು ಓದಿಕೊಂಡು ಹೋಗಿದ್ದೆ. ಕಾಫಿ ಸೀಮೆಯವಳಿಗೆ ಅದೇ ನನ್ನ ಉಡುಗೊರೆ ಎಂದೆ. "ಬಾಬಾ ಬುಡನ್ ಬೀಜ ತಂದದ್ದು ಅದಾದ ಮೇಲೆ" ಎಂದು ತಕ್ಷಣ ಲೆಕ್ಕ ಹಾಕಿದಳು.

ಕೇಕ್‌ನಲ್ಲಿ ಮೊಟ್ಟೆ. ಆದ್ದರಿಂದ 1831ರಲ್ಲಿ ತೆರೆದ ಪೆದ್ರೊಕ್ಕಿ ಕೆಫೆಯಲ್ಲಿ ಹುಟ್ಟುಹಬ್ಬದ ಕಾಫಿ ಕುಡಿದೆವು. ಮೇಲೆ ಪುದೀನದ ಹಸಿರು ಕೆನೆ, ಅದರ ಮೇಲೆ ಕೋಕೋ ಪುಡಿ. ಕಲಕಬಾರದು, ಸಕ್ಕರೆ ಹಾಕಬಾರದು. ಅಮ್ಮ ಎರಡನ್ನೂ ಮಾಡಿದಳು. ರಾತ್ರಿ ಚೀಸ್ ಇಲ್ಲದ ಮರಿನಾರ ಪಿಜ್ಜಾ. ಅದಕ್ಕೆ ಚೀಲದಿಂದ ಚಟ್ನಿಪುಡಿ ಹೊರಬಂತು. ನಾನು ಕಿಟಕಿಯ ಕಡೆ ನೋಡಿದೆ.

ಸೋಮವಾರ ಬೆಳಿಗ್ಗೆ ವೆನಿಸ್‌ಗೆ ಪ್ರಾದೇಶಿಕ ರೈಲು ಹಿಡಿದೆವು. ಅದಕ್ಕೆ ಆಸನ ಕಾದಿರಿಸುವ ಗೋಜಿಲ್ಲ, ತಲೆಗೆ ಸುಮಾರು ಐದು ಯೂರೋ. ಕಾಗದದ ಟಿಕೆಟ್ ಆದರೆ ಹತ್ತುವ ಮುನ್ನ ಪ್ಲಾಟ್‌ಫಾರ್ಮ್‌ನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು, ಮರೆತರೆ ದಂಡ. ರೈಲು ಹೊರಟ ಮೇಲೆ ಅಮ್ಮ ಪರ್ಸಿನಿಂದ ಪುಸ್ತಕ ತೆಗೆದು ಬಿಡಿಸಿದಳು. ನಡುವೆ ಗಿಂಕ್ಗೋ ಮರದ ಒಂದು ಎಲೆ.

"ಬಿದ್ದದ್ದು, ಕಿತ್ತದ್ದಲ್ಲ" ಎಂದಳು.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಆ ಗೋಡೆ ಕಟ್ಟಿಸಿದ್ದು ನಿನ್ನಂಥವರಿಗೇ."