ಸ್ಟೀಕ್‌ಗೆ ಉಪ್ಪು ಹಚ್ಚುವ ಹೊತ್ತು
ಸ್ಟೀಕ್‌ಗೆ, ಅಂದರೆ ದಪ್ಪಗೆ ಕತ್ತರಿಸಿದ ಮಾಂಸದ ತುಂಡಿಗೆ, ಉಪ್ಪನ್ನು ಗ್ರಿಲ್‌ಗೆ ಹಾಕುವ ಕನಿಷ್ಠ 45 ನಿಮಿಷ ಮೊದಲೇ ಹಚ್ಚಿ, ಮುಚ್ಚದೆ ಫ್ರಿಜ್‌ನಲ್ಲಿಡಿ. ಅಷ್ಟು ಪುರುಸೊತ್ತಿಲ್ಲದಿದ್ದರೆ ಬೆಂಕಿಗೆ ಹಾಕುವ ಕ್ಷಣದಲ್ಲೇ ಹಚ್ಚಿ. ನಡುವಿನ ಹೊತ್ತು ಮಾತ್ರ ಬೇಡ. ಹಚ್ಚಿದ ಹತ್ತು ನಿಮಿಷಕ್ಕೆಲ್ಲ ಉಪ್ಪು ಮಾಂಸದ ನೀರನ್ನು ಹೊರಗೆಳೆಯುತ್ತದೆ, ಮೇಲೆಲ್ಲ ಬೆವರಿನಂತೆ ಹನಿ ಮೂಡುತ್ತದೆ. ಆಗ ಬೇಯಿಸಲು ಹೊರಟರೆ ಆ ನೀರು ಆರುವವರೆಗೂ ಮೇಲ್ಮೈಯ ಬಿಸಿ 100 ಡಿಗ್ರಿ ದಾಟುವುದಿಲ್ಲ. ಕಂದು ಬಣ್ಣ ಚೆನ್ನಾಗಿ ಹಿಡಿಯಲು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ಬೇಯಿಸದೆ 45 ನಿಮಿಷ ತಾಳಿದರೆ ಅದೇ ನೀರು ಉಪ್ಪನ್ನು ಕರಗಿಸಿಕೊಂಡು ಬಹುಪಾಲು ಒಳಗಿಳಿಯುತ್ತದೆ. ಉಳಿದ ತೇವವನ್ನು ಒಣಬಟ್ಟೆಯಿಂದ ಒತ್ತಿ ಒರೆಸಿ, ರುಚಿ ಹೋದೀತೆಂಬ ಭಯ ಬೇಡ. ಬೆರಳಿಗಿಂತ ತೆಳುವಾದ ತುಂಡಿಗೆ ಹೀಗೆ ಮೊದಲೇ ಉಪ್ಪು ಹಚ್ಚುವುದರಿಂದ ದೊಡ್ಡ ಲಾಭವಿಲ್ಲ, ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಅತಿಯಾಗಿ ಬೆಂದಿರುತ್ತದೆ. ಮೊದಲೇ ಉಪ್ಪುನೀರಿನಲ್ಲಿ ನೆನೆಸಿದ ಮಾಂಸಕ್ಕಂತೂ ಮತ್ತೆ ಉಪ್ಪು ಹಚ್ಚಲೇಬೇಡಿ. ಪಕ್ಕದ ತರಕಾರಿಯ ಲೆಕ್ಕ ಬೇರೆ: ಅಣಬೆ, ದಪ್ಪ ಮೆಣಸಿನಕಾಯಿಗೆ ಎಣ್ಣೆಯಷ್ಟೇ ಸವರಿ, ಸ್ಟೀಕ್ ಇಳಿಸಿ ಐದು ನಿಮಿಷ ಹಾಗೇ ಬಿಟ್ಟಿರುವಾಗ ಅದೇ ಗ್ರಿಲ್ ಮೇಲೆ ಸುಟ್ಟು, ಉಪ್ಪನ್ನು ಕೊನೆಗೆ ಉದುರಿಸಿ. ತಟ್ಟೆಯಲ್ಲಿ ಸೋರಿ ನಿಂತ ಮಾಂಸದ ರಸವನ್ನು ಚೆಲ್ಲದೆ ಆ ತರಕಾರಿಯ ಮೇಲೆಯೇ ಸುರಿಯಿರಿ.